ಬಿಟ್ಟರೆ ಬಿಡುವ ಪಟ

ಯಾರಿಗೂ ಹೇಳದ ಒಂದು ಸಣ್ಣ ಚಿಂತೆ ನನಗಿದೆ. ನನ್ನ ಎಡರೆಕ್ಕೆಯ ತುದಿಯಲ್ಲಿ, ಹೊಲಿಗೆ ತಿರುಗುವ ಜಾಗದಲ್ಲಿ, ಸೂಜಿಮೊನೆಯಷ್ಟು ತೂತಿದೆ. ಬೆಳಿಗ್ಗೆ ಗಾಳಿ ತುಂಬಿಸಿದರೆ ಸಂಜೆಯ ಹೊತ್ತಿಗೆ ಆ ತುದಿ ಒಂದಿಷ್ಟು ಮೆತ್ತಗಾಗುತ್ತದೆ. ನೀರಿನಲ್ಲಿ ಅದ್ದಿ ನೋಡಿದ್ದರೆ ಗುಳ್ಳೆ ಎದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ಯಾರೂ ಅದ್ದಲಿಲ್ಲ. ನಾನೂ ತೋರಿಸಿಕೊಳ್ಳಲಿಲ್ಲ. ಆ ದಿನ ಆದದ್ದಕ್ಕೆ ಈ ತೂತೇ ಕಾರಣವೋ ಏನೋ ಎಂದು ಆಗಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅಲ್ಲ ಎಂದು ಗೊತ್ತು. ಗೊತ್ತಿದ್ದೂ ಕೇಳಿಕೊಳ್ಳುತ್ತೇನೆ.

ನಾನು ಒಂದು ಗಾಳಿಪಟ. ಮಕ್ಕಳು ದಾರ ಕಟ್ಟಿ ಹಾರಿಸುವ ಕಾಗದದ ಪಟವಲ್ಲ, ಮನುಷ್ಯರನ್ನು ಎಳೆಯುವ ಪಟ. ಹಲಗೆಯ ಮೇಲೆ ನಿಂತವನು ನನ್ನನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರೆ ನಾನು ಅವನನ್ನು ನೀರಿನ ಮೇಲೆ ಜಾರಿಸಿಕೊಂಡು ಹೋಗುತ್ತೇನೆ. ಕೈಟ್ ಸರ್ಫಿಂಗ್ ಎನ್ನುತ್ತಾರೆ. ನನ್ನ ಅಳತೆ ಒಂಬತ್ತು ಚದರ ಮೀಟರ್. ಮೈ ನೀಲಿ, ಬೆನ್ನ ಮೇಲೆ ಕಡುಬಣ್ಣದ ಅಲೆಗೆರೆ.

ನಾನು ಹುಟ್ಟಿದ್ದು ಎಲ್ಲೋ ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಮೇಲೆ ನನ್ನನ್ನು ತುಂಡು ತುಂಡಾಗಿ ಹರಡಿದ್ದರು. ಒಬ್ಬ ಹೆಂಗಸು ಹೊಲಿಗೆಯಂತ್ರದ ಮುಂದೆ ಕೂತು ಆ ತುಂಡುಗಳನ್ನು ಸೇರಿಸಿದಳು. ಎಡರೆಕ್ಕೆಯ ತುದಿಗೆ ಬಂದಾಗ ಅವಳು ಸೀನಿದಳು. ಹೊಲಿಗೆ ಅಕ್ಕಿಕಾಳಿನಷ್ಟು ಸೊಟ್ಟಗಾಯಿತು. ಅವಳು ಅತ್ತ ಇತ್ತ ನೋಡಿ, ಯಾರೂ ಕಂಡಿಲ್ಲವೆಂದು ಮುಂದುವರಿಸಿದಳು. ಒಳಗಿನ ಗಾಳಿಚೀಲ ವರ್ಷಗಟ್ಟಲೆ ಆ ಸೊಟ್ಟ ಹೊಲಿಗೆಗೆ ಉಜ್ಜಿ ಉಜ್ಜಿಯೇ ತೂತಾದದ್ದು.

ಉಳಿದ ವಸ್ತುಗಳು ತಮ್ಮ ಯಜಮಾನರನ್ನು ಕೆಳಗಿನಿಂದ ನೋಡುತ್ತವೆ. ಚಪ್ಪಲಿ ಪಾದ ನೋಡುತ್ತದೆ, ಕುರ್ಚಿ ಬೆನ್ನು ನೋಡುತ್ತದೆ. ನಾನು ಮೇಲಿನಿಂದ ನೋಡಿದವಳು. ಇಪ್ಪತ್ತನಾಲ್ಕು ಮೀಟರ್ ಎತ್ತರದಿಂದ ನನಗೆ ಕಾಣುವುದು ಒಂದು ನೆತ್ತಿ, ಎರಡು ಭುಜ, ಅಡ್ಡಕೋಲು ಹಿಡಿದ ಎರಡು ಕೈ. ಮುಖ ಕಾಣುವುದು ಕಡಿಮೆ. ಆದರೆ ಹಗ್ಗಗಳ ಮೂಲಕ ಆ ಕೈಗಳ ಒಳಗಿರುವುದೆಲ್ಲ ನನಗೆ ತಿಳಿಯುತ್ತದೆ.

ಮೊದಲ ಕೈ ಮಂಗಳೂರಿನ ಹಲ್ಲಿನ ಡಾಕ್ಟರು ವಾಮನ ಬಾಳಿಗರದ್ದು. ನಾಲ್ಕೇ ನಾಲ್ಕು ಭಾನುವಾರ ಹಾರಿಸಿದರು. ಅಡ್ಡಕೋಲನ್ನು ಹತ್ತಿರ ಎಳೆದರೆ ನಾನು ಗಾಳಿ ಹಿಡಿಯುತ್ತೇನೆ, ದೂರ ತಳ್ಳಿದರೆ ಗಾಳಿ ಬಿಡುತ್ತೇನೆ. ಇಷ್ಟೇ ನನ್ನ ವ್ಯಾಕರಣ. ಡಾಕ್ಟರು ಹೆದರಿದಾಗಲೆಲ್ಲ ಹತ್ತಿರ ಎಳೆಯುತ್ತಿದ್ದರು. ಹೆದರಿದವರೆಲ್ಲ ಹಾಗೆಯೇ, ಸಿಕ್ಕಿದ್ದನ್ನು ಎದೆಗೆ ಅವಚಿಕೊಳ್ಳುತ್ತಾರೆ. ನಾಲ್ಕನೆಯ ಭಾನುವಾರ ಇಬ್ಬರೂ ಗಾಳಿಮರದ ತೋಪಿಗೆ ಸಿಕ್ಕಿಕೊಂಡೆವು.

“ಇದು ನನಗಲ್ಲ ಮಾರಾಯ,” ಎಂದರು ಡಾಕ್ಟರು, ಹಣೆಯ ಮೇಲಿನ ಮರಳು ಒರೆಸಿಕೊಳ್ಳುತ್ತ. “ನಾನು ಇನ್ನೊಬ್ಬರ ಹಲ್ಲು ಕೀಳುವವ. ಇದು ನನ್ನನ್ನೇ ಬೇರು ಸಮೇತ ಕೀಳ್ತದೆ. ನೀನೇ ಇಟ್ಟುಕೋ.”

ಹಾಗೆ ನಾನು ಅವರಿಗೆ ಕಲಿಸುತ್ತಿದ್ದ ಸುಕೇಶನ ಕೈಗೆ ಬಂದೆ.

ಸುಕೇಶ ಕುಂದಾಪುರದ ಬಡಗಿನ ಕಡೆಯ ಒಂದು ಅಳಿವೆಬಾಗಿಲಿನವನು. ಹೊಳೆ ಸಮುದ್ರಕ್ಕೆ ಸೇರುವ ಅಲ್ಲಿ ಉದ್ದನೆಯ ಮರಳುದಿಣ್ಣೆಯೊಂದಿದೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಮನೆಯವರೆಲ್ಲ ಬಲೆಯ ಕೆಲಸದವರು. ಇವನೊಬ್ಬ ರಾಮೇಶ್ವರದ ಕಡೆ ಹೋಗಿ ಪಟ ಹಾರಿಸುವುದನ್ನು ಕಲಿತು ಬಂದು, ದಿಣ್ಣೆಯ ಮೇಲೆ ತಗಡಿನ ಶೆಡ್ ಹಾಕಿ, ಬಂದವರಿಗೆ ಕಲಿಸುತ್ತಿದ್ದ. ಅವನ ಕೈ ಬೇರೆ. ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ಮೊದಲ ದಿನವೇ ನನ್ನ ಬೆನ್ನಿನ ಗೆರೆ ನೋಡಿ, “ಇದ್ ಬಂಗುಡೆ ಅಲ್ದಾ!” ಎಂದ. ಆ ಮೀನಿನ ಹೆಸರೇ ನನ್ನ ಹೆಸರಾಯಿತು.

ಶೆಡ್ಡಿನಲ್ಲಿ ನನ್ನ ಜೊತೆ ಇನ್ನೂ ಮೂವರು. ಏಳು ಮೀಟರಿನ ಚಟ್ಲಿ, ಹನ್ನೆರಡು ಮೀಟರಿನ ಬೊಂಡಾಸ, ಇಬ್ಬರಿಗೂ ನನ್ನ ಹಾಗೆ ಕಡಲ ಜೀವಿಗಳ ಹೆಸರು; ಮತ್ತೆ ಹನ್ನೊಂದು ಮೀಟರಿನ ಅಜ್ಜ. ಅಜ್ಜ ಹಳೆಯ ಕಾಲದ, ಕಮಾನಿನಂತೆ ಬಾಗಿದ ಪಟ. ನಾಲ್ಕು ಮೂಲೆಗೆ ನಾಲ್ಕು ಹಗ್ಗ ನೇರವಾಗಿ ಕಟ್ಟಿದ, ಬೇರೆ ಉಪಾಯವಿಲ್ಲದ ಮುದುಕ.

ಆಮೇಲೆ ಅಶ್ವಿತಾ ಬಂದಳು.

ಅವಳು ಮೂರು ಮನೆ ಆಚೆಯವಳು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಬಿ.ಎಡ್. ಸೀಟಿಗೆ ಕಾಯುತ್ತಿದ್ದಳು. ಮಾತು ಕಡಿಮೆ. ಯಾರಾದರೂ ಹೆಸರು ಕೇಳಿದರೂ ಎರಡನೆಯ ಸಲಕ್ಕೇ ಕೇಳುವಂತೆ ಹೇಳುವವಳು. ಹೆಗಲಚೀಲದಲ್ಲಿ ಸದಾ ಒಂದು ಸಣ್ಣ ದಿನಚರಿ. ಸುಕೇಶನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ. ಅದಕ್ಕೆ ಅವಳನ್ನು ಕರೆದ. ಮೇ ತಿಂಗಳು ಹತ್ತಿರವಾದಂತೆ ಅಳಿವೆಯಲ್ಲಿ ಗಾಳಿ ಕೆಡುತ್ತದೆ. ಒಂದೇ ಸಮ ಬೀಸುವುದಿಲ್ಲ, ಸುಮ್ಮನಿದ್ದು ಸುಮ್ಮನಿದ್ದು ಫಕ್ಕನೆ ಹೊಡೆಯುತ್ತದೆ. ಅಂಥ ಗಾಳಿಯಲ್ಲಿ ಕಲಿಯುವವರ ಕೈಗೆ ಯಾವ ಪಟ ಕೊಡಬೇಕು? ನಾಲ್ಕನ್ನೂ ಹಾರಿಸಿ ನೋಡಿ ಬರೆದಿಡಬೇಕೆಂದು ಅವನ ಯೋಜನೆ. ಅವನು ಹಾರಿಸುವುದು, ಅವಳು ಗಾಳಿಮಾಪಕ ಹಿಡಿದು ಬರೆಯುವುದು. ನೀಲಿ ರಟ್ಟಿನ ಆ ನೋಟುಬುಕ್ಕಿಗೆ ‘ಗಾಳಿ ಪುಸ್ತಕ’ ಎಂದು ಹೆಸರಿಟ್ಟಳು.

ಬರೆದದ್ದನ್ನು ಅವಳು ಶೆಡ್ಡಿನಲ್ಲಿ ಕೂತು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಹಾಗಾಗಿ ನಮ್ಮ ನಾಲ್ವರ ಗುಣವೂ ನನಗೆ ಬಾಯಿಪಾಠ.

ಬೊಂಡಾಸ: “ಮೆಲುಗಾಳಿಗೆ ಮಾತ್ರ. ಹೊಡೆತ ಬಂದರೆ ಅಂಚು ಪಟಪಟ ಅನ್ನುತ್ತದೆ, ನಡು ಮಡಚಿಕೊಳ್ಳುತ್ತದೆ. ಎಳೆಯುವುದೂ ಇಲ್ಲ, ಬಿಡುವುದೂ ಇಲ್ಲ, ಅಳುತ್ತದೆ.” ಚಟ್ಲಿ: “ಜೋರು ಗಾಳಿಗೇ ಹುಟ್ಟಿದ್ದು. ಆದರೆ ಅತಿ ಚುರುಕು. ಬೆರಳು ಅಲುಗಿದರೆ ಪೂರ್ತಿ ತಿರುಗುತ್ತದೆ. ಗಾಳಿ ನಿಂತ ಕ್ಷಣದಲ್ಲಿ ಆಕಾಶದಿಂದ ಉದುರುತ್ತದೆ. ಹೊಸಬರು ಹೆದರಿಯಾರು.” ಅಜ್ಜನಿಗೆ ಎರಡು ಪುಟ. “ಆಕಾಶದಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ, ನಡುಗುವುದಿಲ್ಲ. ಎಲ್ಲರಿಗಿಂತ ಸ್ಥಿರ. ಆದರೆ ಹೊಡೆತ ಎಷ್ಟು ಬಂತೋ ಅಷ್ಟನ್ನೂ ಹಗ್ಗದಲ್ಲಿ ಕೆಳಗೆ ಕಳಿಸುತ್ತದೆ. ಕೋಲು ಬಿಟ್ಟರೂ ಎಳೆಯುವುದು ನಿಲ್ಲಿಸುವುದಿಲ್ಲ. ಸೊಂಟದ ಹತ್ತಿರದ ಕೆಂಪು ಹಿಡಿ ಎಳೆದು ಹಗ್ಗವನ್ನೇ ಕಳಚಬೇಕು. ಬಿಟ್ಟರೂ ಬಿಡುವುದಿಲ್ಲ.”

ನನ್ನ ಪುಟ ಬಂದಾಗ ಅವಳ ಪೆನ್ನು ಸ್ವಲ್ಪ ಹೊತ್ತು ನಿಂತಿತು.

“ಬಂಗುಡೆ: ಹೊಡೆತಕ್ಕೆ ಒಮ್ಮೆ ಬೆಚ್ಚುತ್ತದೆ. ಕೋಲು ದೂರ ತಳ್ಳಿದರೆ ತಕ್ಷಣ ಸುಮ್ಮನಾಗುತ್ತದೆ. ಪೂರ್ತಿ ಕೈಬಿಟ್ಟರೆ ಖಾಲಿಯಾಗಿ ಬದಿಗೆ ಸರಿದು ಇಳಿಯುತ್ತದೆ. ಬಿಟ್ಟರೆ ಬಿಡುತ್ತದೆ. ಕಲಿಯುವವರಿಗೆ ಇದೇ ಸರಿ.”

ಆ ಸಾಲು ಕೇಳಿ ನನಗೆ ಎಷ್ಟು ಹೆಮ್ಮೆಯಾಗಿತ್ತು!

ಹಾರಿಸುವ ಮೊದಲು ಪಟದ ಅಂಚನ್ನು ಒಬ್ಬರು ಹಿಡಿದು ನಿಲ್ಲಬೇಕು. ಹಾರಿಸುವವನು ದೂರದಲ್ಲಿ ಹೆಬ್ಬೆರಳು ಎತ್ತಿದಾಗ ಬಿಡಬೇಕು. ನನ್ನ ಅಂಚು ಹಿಡಿಯುವವಳು ಅಶ್ವಿತಾ. ಅವನು ಹೆಬ್ಬೆರಳು ಎತ್ತಿ ನಗುತ್ತಿದ್ದ. ಅವಳ ಬೆರಳು ನನ್ನ ಬಟ್ಟೆಯ ಮೇಲೆ ಒಂದು ಕ್ಷಣ ತಡೆದು ಆಮೇಲೆ ಬಿಡುತ್ತಿತ್ತು. ಆ ಒಂದು ಕ್ಷಣದಲ್ಲಿ ಏನಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ದಿನಚರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಮೇ ತಿಂಗಳ ಎರಡನೆಯ ವಾರ ಅಜ್ಜನನ್ನು ಹಾರಿಸಿದಾಗ ಹೊಡೆತವೊಂದು ಬಂದು ಸುಕೇಶನನ್ನು ಮರಳಿನ ಮೇಲೆ ಮೂವತ್ತು ಹೆಜ್ಜೆ ಎಳೆದುಕೊಂಡು ಹೋಯಿತು. ಅಶ್ವಿತಾ ಬಾಯಿ ತೆರೆದು ನಿಂತಿದ್ದಳು. ಶಬ್ದ ಬರಲಿಲ್ಲ. ಕೊನೆಗೆ ಅವನೇ ಕೆಂಪು ಹಿಡಿ ಎಳೆದ. ಮೊಣಕೈ ಸುಲಿದು ರಕ್ತ. ಎದ್ದು ಬಂದು ನಕ್ಕ.

“ಹೋಯ್ ಅಶ್ವಿ, ನಿನ್ ಸ್ವರ ಮನೆಯಲ್ಲೇ ಇಟ್ಟ್ ಬಂದ್ಯಾ? ಬಿಡ್ ಅಂದ್ ಒಂದ್ ಸಲ ಕೂಗುಕೆ ಆತಿಲ್ಯಾ?”

ಅವಳು ತಲೆ ತಗ್ಗಿಸಿದಳು.

“ಕಾಣ್, ಎರಡೇ ಮಾತ್. ನೆಲದ್ ಮೇಲೆ ಎಳ್ಕಂಡ್ ಹೋತಾ ಇದ್ರೆ ಬಿಡ್ ಅನ್. ನೆಲ ಬಿಟ್ ಮ್ಯಾಲ್ ಹಾರಿರೆ ಬಿಡ್‌ಬ್ಯಾಡ ಅನ್. ಮ್ಯಾಲ್ ಹೋದ್ಮೇಲ್ ಬಿಟ್ರೆ ತೆಂಗಿನ್ಕಾಯಿ ಬಿದ್ದಾಂಗೆ ಬೀಳ್ತೆ. ಹಿಡ್ಕಂಡ್ರೆ ಪಟವೇ ಮೆಲ್ಲ ಇಳಿಸತ್ತ್. ಆ ಹೊತ್ತಿಗೆ ನಂಗ್ ತಲಿ ಓಡುದಿಲ್ಲ ಮಾರಾಯ್ತಿ. ನೀ ಎಂತ ಅಂತೆ, ಅದನ್ನೇ ಮಾಡ್ತೆ. ಆಯ್ತಾ?”

“ಆಯ್ತ್,” ಎಂದಳು. ನನಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ.

ಮರುದಿನದಿಂದ ಬೆಳಿಗ್ಗೆ ಅವನು ಬರುವ ಮೊದಲೇ ಬಂದು, ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು, ತೂಗುಹಾಕಿದ ನಮ್ಮೆದುರು ನಿಂತು ಅಭ್ಯಾಸ ಮಾಡುತ್ತಿದ್ದಳು. “ಬಿಡ್.” ಮೆಲ್ಲಗೆ. “ಬಿಡ್!” ಇನ್ನೊಂಚೂರು ಜೋರಾಗಿ. ಅಜ್ಜ ಎಳೆದುಕೊಂಡು ಹೋದ ದೃಶ್ಯವೇ ಅವಳ ಕಣ್ಣಲ್ಲಿತ್ತು. ಅದಕ್ಕೆ ಬೇಕಾದ ಮಾತನ್ನೇ ಮತ್ತೆ ಮತ್ತೆ ಹೇಳಿದಳು. ಇನ್ನೊಂದು ಮಾತನ್ನು ಒಮ್ಮೆಯೂ ಅಭ್ಯಾಸ ಮಾಡಲಿಲ್ಲ. ನನಗೆ ಹೇಳಲು ಬಾಯಿರಲಿಲ್ಲ.

ಎಂಟು ದಿನ ಕಳೆದು, ಸಂಜೆ ನಾಲ್ಕರ ಹೊತ್ತು. ನನ್ನ ಸರದಿ. ಬರೆಯಬೇಕಾದದ್ದೆಲ್ಲ ಮುಗಿದು ಸುಕೇಶ ನನ್ನನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ದಿಣ್ಣೆಗೆ ನಡೆದು ಬರುತ್ತಿದ್ದ. ಅಶ್ವಿತಾ ಕಡಲ ಬದಿಯಲ್ಲಿ, ಗಾಳಿ ಬರುವ ದಿಕ್ಕಿನಲ್ಲಿ, ಮಾಪಕ ಎತ್ತಿ ಹಿಡಿದು ನಿಂತಿದ್ದಳು. ಪಡುವಣದಲ್ಲಿ ನೀರಿನ ಬಣ್ಣ ಕಪ್ಪಾದದ್ದು ಮೇಲಿದ್ದ ನನಗೆ ಮೊದಲು ಕಂಡಿತು. ಒಂದು ಕಪ್ಪು ಗೆರೆ ಕಡಲ ಮೇಲೆ ಓಡಿ ಬಂತು. ಅದು ಬಂದು ಹೊಡೆದಾಗ ನಾನು ಬೆಚ್ಚಿದೆ. ಗಾಳಿ ಪುಸ್ತಕದಲ್ಲಿ ಬರೆದ ಹಾಗೆಯೇ, ಒಮ್ಮೆ ಬೆಚ್ಚಿದೆ. ಸುಕೇಶನ ಪಾದ ನೆಲ ಬಿಟ್ಟಿತು.

ಎರಡಾಳು ಎತ್ತರ. ಮೂರಾಳು. ಕೆಳಗೆ ಹೊಳೆಯಿಲ್ಲ, ಕಡಲಿಲ್ಲ, ಇಳಿತದಲ್ಲಿ ಗಟ್ಟಿಯಾದ ಒದ್ದೆ ಮರಳು. ಅವನು ಹಿಡಿದುಕೊಂಡಿದ್ದ. ನಾನೂ ನೆತ್ತಿಯ ಮೇಲೆ ನಿಲ್ಲಲು ಹೆಣಗುತ್ತಿದ್ದೆ. ಇನ್ನೆರಡು ಉಸಿರು, ಹೊಡೆತ ದಾಟಿ ಹೋಗುತ್ತಿತ್ತು. ಮೆಲ್ಲಗೆ ಇಳಿಸುತ್ತಿದ್ದೆ.

ಆಗ ಅಶ್ವಿತಾ ಕೂಗಿದಳು. ಹುಟ್ಟಿದ ಮೇಲೆ ಅವಳು ಅಷ್ಟು ಜೋರಾಗಿ ಹೇಳಿದ ಮೊದಲ ಮಾತು ಅದು.

“ಬಿಡ್!”

ಅವನು ಬಿಟ್ಟ.

ಅವನು ಬಿಟ್ಟ ಮೇಲೆ ನಾನು ಬಿಡಲೇಬೇಕು. ನನ್ನನ್ನು ಹಾಗೆ ಹೊಲಿದಿದ್ದಾರೆ. ಕೋಲು ಜಾರಿ ಮೇಲೆ ಓಡಿತು, ನಾನು ಖಾಲಿಯಾದೆ, ಬದಿಗೆ ಸರಿದೆ. ಬಹಳ ಚೆಂದವಾಗಿ, ವಿಧೇಯಳಾಗಿ, ಮರಳಿನ ಮೇಲೆ ಇಳಿದು ಮಲಗಿದೆ. ಅವನು ಬಿದ್ದ ಸದ್ದು ಹಗ್ಗದಲ್ಲಿ ನನಗೆ ಬಂತು. ಅಜ್ಜನಾಗಿದ್ದರೆ ಬಿಟ್ಟರೂ ಬಿಡುತ್ತಿರಲಿಲ್ಲ. ಬೈಸಿಕೊಂಡಾದರೂ ಅಷ್ಟೋ ಇಷ್ಟೋ ಎಳೆದು ಹಿಡಿದು ಇಳಿಸುತ್ತಿದ್ದ. ಯಾವ ಗುಣಕ್ಕೆ ನನ್ನನ್ನು ಎಲ್ಲರಿಗಿಂತ ಮೇಲಿಟ್ಟು ಬರೆದಿದ್ದಳೋ, ಅದೇ ಗುಣದಿಂದ ನಾನು ಅವನನ್ನು ಬೀಳಿಸಿದೆ.

ಸೊಂಟದ ಎಲುಬು, ಎಡತೊಡೆ. ದೋಣಿಯ ಹಲಗೆಯ ಮೇಲೆ ಮಲಗಿಸಿ ಹೊಳೆ ದಾಟಿಸಿದರು.

ದೋಣಿ ಬರುವ ಮೊದಲೇ ಸುಕೇಶನ ತಾಯಿ ಮುತ್ತಕ್ಕ ಓಡಿ ಬಂದಿದ್ದರು. ಸುತ್ತ ಏಳೆಂಟು ಜನ. ಒಬ್ಬರು, “ಪಟದ್ದೇ ದೋಷ, ಗಾಳಿ ಸೋರ್ತಿತ್ತ್ ಕಾಂತ್,” ಎಂದರು. ಇನ್ನೊಬ್ಬರು ಅಶ್ವಿತಾಳನ್ನು ಕೇಳಿದರು, “ನೀನ್ ಎಂತದೋ ಕೂಗ್ದೆ ಅಲ್ದಾ? ಎಂತ ಕೂಗದ್ದ್?”

ಅವಳು ಬಾಯಿ ತೆರೆದಳು. ಸುಕೇಶನಿಗೆ ಇನ್ನೂ ಪ್ರಜ್ಞೆಯಿತ್ತು; ‘ಬಿಡ್’ ಅಂದದ್ದು ಕೇಳಿ ಬಿಟ್ಟೆನೆಂದು ಆಗಲೇ ತಾಯಿಗೆ ಹೇಳಿದ್ದ. ಕಣ್ಣು ಅವಳ ಮೇಲೆಯೇ ಇತ್ತು.

ಉತ್ತರ ಕೊಟ್ಟದ್ದು ಮುತ್ತಕ್ಕ. “ಎಂತ ಕೂಗತ್ತ್ ಪಾಪದ್ ಹೆಣ್ಣ್? ಬಿಡ್‌ಬ್ಯಾಡ ಅಂದಿರತ್ತ್. ಈ ಗಾಳಿಯಲ್ ಬಿಡ್ ಅಂಬುದ್ ಮಾತ್ರ ಕೇಂಡಿದ್, ಬ್ಯಾಡ ಅಂಬುದನ್ನ ಗಾಳಿ ತಿಂದಿತ್. ಅಲ್ದಾ ಹೆಣೆ?”

ಅಶ್ವಿತಾ ತಲೆಯಾಡಿಸಿದಳು.

ಅಷ್ಟೇ. ತಲೆ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು. ನಮ್ಮ ಕಡೆಯ ಮಾತಿನ ರೀತಿ ಅಂಥದ್ದು, ಬೇಡ ಎನ್ನುವುದು ಕೊನೆಗೆ ಬರುತ್ತದೆ. ಕೊನೆಯನ್ನು ಗಾಳಿ ತಿಂದಿತು ಎಂದರೆ ಯಾರೂ ನಂಬುವಂಥದ್ದೇ. ಆದರೆ ಅವಳು ನಿಂತಿದ್ದು ಗಾಳಿ ಬರುವ ಬದಿಯಲ್ಲಿ. ಅವಳಿಂದ ಅವನ ಕಡೆಗೆ ಬೀಸುವ ಗಾಳಿ ಅದು. ಮಾತನ್ನು ತಿನ್ನಲಿಲ್ಲ, ಎತ್ತಿಕೊಂಡು ಬಂದು ಅವನ ಕಿವಿಯಲ್ಲಿಟ್ಟಿತು. ಅವನಾಚೆ, ಅಷ್ಟು ಮೇಲಿದ್ದ ನನಗೇ ಪೂರ್ತಿ ಕೇಳಿಸಿತ್ತು.

ಸುಕೇಶ ಕಣ್ಣು ಮುಚ್ಚಿಕೊಂಡ. “ಹೌದಾ,” ಎಂದ. “ನಾನೇ ಅರ್ಧ ಕೇಂಡೆ.”

ಮಳೆಗಾಲ ಬಂತು, ಹೋಯಿತು. ಶೆಡ್ಡಿನಲ್ಲಿ ನಾವು ನಾಲ್ವರೂ ತೂಗಿಕೊಂಡೇ ಇದ್ದೆವು. ಅಶ್ವಿತಾ ವಾರಕ್ಕೊಮ್ಮೆ ಬಂದು ಬಾಗಿಲು ತೆರೆದು ನಮಗೆ ಗಾಳಿಯಾಡಿಸುತ್ತಿದ್ದಳು. ಗಾಳಿ ಪುಸ್ತಕದಲ್ಲಿ ನನ್ನ ಪುಟದಾಚೆ ಎಲ್ಲ ಖಾಲಿ. ಒಂದು ದಿನ ದಿನಚರಿ ತೆರೆದು ಒಂದು ಸಾಲು ಬರೆದಳು, ಓದಿಕೊಂಡಳು, ಹರಿದಳು. ಹರಿದದ್ದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಇನ್ನೊಂದು ದಿನ ನನ್ನ ಅಂಚು ಹಿಡಿದು ನಿಂತು “ಸುಕೇಶ, ನಾನು...” ಎಂದಳು. ನನಗೇ ಹೇಳಿಕೊಳ್ಳುವಾಗಲೂ ಅದರ ಮುಂದಿನದು ಬರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಸುಕೇಶ ಕೋಲೂರಿಕೊಂಡು ಬಂದ. ಕಾಲು ಸುಮಾರಾಗಿ ಕೂಡಿತ್ತು. ವರ್ಷ ತುಂಬಿದ ಮೇಲೆ ನೀರಿಗೆ ಇಳಿಯಬಹುದು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರಂತೆ. ಆದರೆ ಬೇರೆ ಏನೋ ಮುರಿದಿತ್ತು. ಏನು ಹೇಳಿದರೂ ಎರಡು ಸಲ ಕೇಳುತ್ತಿದ್ದ. “ಎಂತ ಅಂದೆ? ಇನ್ನೊಂದ್ ಸಲ ಹೇಳ್.” ಚಹಾ ಬೇಕಾ ಎಂದರೂ ಹಾಗೆಯೇ. ದೋಣಿಯವನು ಹತ್ತು ಎಂದರೆ ಹತ್ತುವ ಮೊದಲು ಮತ್ತೆ ಕೇಳುತ್ತಿದ್ದ. ಕಿವಿಯ ಪರೀಕ್ಷೆಯೂ ಮಾಡಿಸಿಕೊಂಡಿದ್ದ. ಏನೂ ದೋಷವಿಲ್ಲ ಎಂದಿದ್ದರು. ಅದು ಅವನಿಗೆ ಇನ್ನೂ ಕೆಟ್ಟದಾಯಿತು. ಕಿವಿ ಸರಿಯಿದ್ದೂ ಅರ್ಧ ಕೇಳಿಸಿಕೊಂಡೆನೆಂದರೆ ಕೆಟ್ಟದ್ದು ತನ್ನ ಧೈರ್ಯವೇ ಎಂದುಕೊಂಡ.

“ಇನ್ ಕಲಿಸುದಿಲ್ಲ ನಾನ್,” ಎಂದ ತಾಯಿಯ ಹತ್ತಿರ. “ಹೆದ್ರಿ, ಬೇಕಾದಷ್ಟೇ ಕೇಂಡವ ನಾನ್. ಇನ್ನೊಬ್ರ ಜೀವ ನನ್ ಕೈಯಲ್ ಕೊಡುದ್ ಹ್ಯಾಂಗೆ?”

ಬೊಂಡಾಸ, ಚಟ್ಲಿ, ಅಜ್ಜ ಮೂವರನ್ನೂ ಗೋವೆಯ ಕಡೆಯ ಯಾರೋ ತೆಗೆದುಕೊಂಡು ಹೋದರು. ಅಜ್ಜ ಹೋಗುವಾಗ ತಗಡಿನ ಬಾಗಿಲಿಗೆ ಸಿಕ್ಕಿಕೊಂಡ. ಬಿಡಿಸಲು ಇಬ್ಬರು ಬೇಕಾಯಿತು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಬೀಳಿಸಿದ ಪಟ.

ಹೀಗೆ ಇವತ್ತು ನಾನು ಮುತ್ತಕ್ಕನ ಜಗಲಿಯಲ್ಲಿದ್ದೇನೆ. ಮುತ್ತಕ್ಕ ಬಲೆಯ ಕೆಲಸದ ಜೊತೆ ಹೊಲಿಗೆಯನ್ನೂ ಮಾಡುವವರು. ನನ್ನನ್ನು ಕತ್ತರಿಸಿ ಮೀನಿನ ಮಾರ್ಕೆಟ್ಟಿಗೆ ಹೋಗುವ ಚೀಲ ಹೊಲಿಯುತ್ತಾರೆ. ನೀರು ಸೋರದ ಬಟ್ಟೆಯಲ್ಲವೇ, ಒಳ್ಳೆಯ ಚೀಲವಾದೇನು. ನನಗೆ ಅದರ ದುಃಖವಿಲ್ಲ. ಐದು ವರ್ಷ ಆಕಾಶ ನೋಡಿದ್ದೇನೆ. ನೋವು ಬೇರೆಯದು. ಗಾಳಿಯಲ್ಲಿ ನಡೆದ ಒಂದು ಸತ್ಯ ನನ್ನ ನೂಲಿನಲ್ಲಿದೆ, ತುಂಡು ತುಂಡಾಗಿ ಹತ್ತು ಮನೆಗೆ ಹೋದರೆ ಅದನ್ನು ಯಾರು ಕೂಡಿಸುತ್ತಾರೆ?

ಜಗಲಿಯ ತುಂಬ ನನ್ನನ್ನು ಹರಡಿದ್ದಾರೆ, ಹುಟ್ಟಿದ ದಿನದ ಹಾಗೆ. ಅಂಚು ಹಿಡಿದುಕೊಳ್ಳಲು ಅಶ್ವಿತಾಳನ್ನು ಕರೆದಿದ್ದಾರೆ. ಅವಳಿಗೆ ಬಿ.ಎಡ್. ಸೀಟು ಸಿಕ್ಕಿದೆ, ಸೋಮವಾರ ಹೊರಡುತ್ತಾಳೆ. ಸುಕೇಶ ಕಂಬಕ್ಕೆ ಒರಗಿ ಕೂತಿದ್ದಾನೆ. ಮೊದಲ ಬಾರಿ ಅವನ ಮುಖವನ್ನು ಕೆಳಗಿನಿಂದ ನೋಡುತ್ತಿದ್ದೇನೆ. ಗಲ್ಲದ ಕೆಳಗೆ ಇಷ್ಟು ನರೆ ಬಂದದ್ದು ಯಾವಾಗ?

“ಹೆಣೆ, ಗಟ್ಟಿ ಹಿಡ್ಕೊ,” ಎಂದು ಮುತ್ತಕ್ಕ ಕತ್ತರಿ ತೆರೆದರು. ಎಡರೆಕ್ಕೆಯಿಂದಲೇ ಶುರು.

“ಅಬ್ಬಿ, ಅದ್ರಲ್ ಒಂದ್ ಚೀಲ ಅಶ್ವಿಗ್ ಕೊಡ್,” ಎಂದ ಸುಕೇಶ ತಾಯಿಗೆ. “ಬಂಗುಡೆ ನೆನಪಿಗೆ. ಪಾಪ, ಇದ್ರದ್ ಎಂತ ತಪ್ಪಿಲ್ಲೆ. ಅಶ್ವಿದೂ ಇಲ್ಲೆ. ತಪ್ಪ್ ನನ್ ಕೆಮಿದ್,” ಎಂದು ಕಿವಿ ಮುಟ್ಟಿಕೊಂಡ.

ಅಶ್ವಿತಾಳ ಬೆರಳು ನನ್ನ ಅಂಚಿನ ಮೇಲೆ ಬಿಗಿಯಾಯಿತು. ಹಿಂದೆ ಅವನು ಹೆಬ್ಬೆರಳು ಎತ್ತಿದಾಗ ತಡೆಯುತ್ತಿತ್ತಲ್ಲ, ಹಾಗೆ. ಅವಳ ತುಟಿ ಅಲುಗಿತು. ಏನೋ ಹೇಳಿದಳು. ಅವಳ ಕೈಯಲ್ಲೇ ಇದ್ದ ನನಗೂ ಕೇಳಿಸಲಿಲ್ಲ.

ಸುಕೇಶ ಮುಂದೆ ಬಾಗಿದ. ಅವನ ಮುಖದಲ್ಲಿ ಆ ಹೆದರಿಕೆ ಬಂತು, ಮತ್ತೆ ಅರ್ಧ ಕೇಳಿದೆನೇನೋ ಎಂಬ ಹೆದರಿಕೆ.

“ಎಂತ ಅಂದೆ? ಇನ್ನೊಂದ್ ಸಲ ಹೇಳ್.”

ಮುತ್ತಕ್ಕನ ಕತ್ತರಿ ನನ್ನ ಸೊಟ್ಟ ಹೊಲಿಗೆಯ ಮೇಲೆ ನಿಂತಿತು. ಅಂಗಳದ ಗಾಳಿ ನಿಂತಿತ್ತು. ಅಶ್ವಿತಾ ನನ್ನ ಅಂಚನ್ನು ಬಿಟ್ಟಳು, ತಲೆ ಎತ್ತಿದಳು. ಎರಡನೆಯ ಸಲ ಅವಳ ದೊಡ್ಡ ಸ್ವರವನ್ನು ನಾನು ಕೇಳಿದೆ.

“ಬ್ಯಾಡ ಅಂದೇ ಇಲ್ಲೆ ನಾನ್. ಬಿಡ್ ಅಂದದ್ದ್. ನಿನ್ ಕೆಮಿ ಸರಿ ಇತ್ತ್, ಸುಕೇಶ.”